ಕತ್ತೆತ್ತಿ ನೋಡಿದ ಕೆಂಪು

ಮಾದಪ್ಪಣ್ಣನ ಕಣ್ಣು ಕೆಟ್ಟಿರಲಿಲ್ಲ. ದೋಷವಿದ್ದದ್ದು ನಾನು ಅವನಿಗೆ ಮಾರಿದ ಮಾನಿಟರಿನಲ್ಲಿ — ಮಾರುವ ಮೊದಲೇ ನನಗದು ಗೊತ್ತಿತ್ತು.

2004ರಲ್ಲಿ ಕೊಳ್ಳೇಗಾಲದಲ್ಲಿ ನನ್ನದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿ. ತೆಳ್ಳನೆಯ ಮಾನಿಟರು ನಮ್ಮ ಕಡೆಗೆ ಆಗಿನ್ನೂ ಹೊಸತು. ಬೆಂಗಳೂರಿನಿಂದ ಒಂದು ಲಾಟ್ ತಂದಿದ್ದೆ. ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ: ಎದುರಿಗೆ ನಿಂತು ನೋಡಿ ಒಪ್ಪಬೇಡಿ, ನೆಲದ ಮೇಲೆ ಕುಳಿತು ಕತ್ತೆತ್ತಿ ನೋಡಿ. ಅಗ್ಗದ ಪ್ಯಾನೆಲ್ ಆದರೆ ಬಣ್ಣವೆಲ್ಲ ಕಪ್ಪಿಗೆ ತಿರುಗುತ್ತದೆ. ನಾನು ಹಾಗೆ ಕುಳಿತು ನೋಡಿದ್ದೆ. ಮಾದಪ್ಪಣ್ಣನನ್ನು ಮಾತ್ರ ಎದುರಿಗೆ ನಿಲ್ಲಿಸಿದೆ.

ಅವನು ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಸೀರೆಯ ಡಿಸೈನುಗಳು ಆಗ ಸಿ.ಡಿ.ಯಲ್ಲಿ ಬರತೊಡಗಿದ್ದವು; ಪರದೆ ನೋಡಿಯೇ ನೂಲಿನ ಬಣ್ಣ ಹೊಂದಿಸಬೇಕಿತ್ತು. ಬಾನಿಯ ಬಣ್ಣದ ನೀರು ಸಿಡಿಯದಿರಲೆಂದು ಮಾನಿಟರನ್ನು ಎತ್ತರದ ಹಲಗೆಯ ಮೇಲಿಡಿಸಿ, ತಾನು ಎಂದಿನಂತೆ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಹಲಗೆಯ ಮೇಲೆ ಇಟ್ಟುಕೊಟ್ಟವನು ನಾನೇ. ಆಗಲೇ ಹೇಳಬಹುದಿತ್ತು...

ಮೊದಲು ಬಂದದ್ದು ಧಾರೆ ಸೀರೆಯ ನೂಲು, ಅರಗಿನ ಕೆಂಪು. ಅದ್ದಿ ಬಿಸಿಲಿಗೆ ತಂದರೆ — ಹೆಪ್ಪುಗಟ್ಟಿದ ರಕ್ತ. ನೋಡಲು ಬಂದ ಮದುವಣಗಿತ್ತಿಯ ತಾಯಿ ಎರಡು ಹೆಜ್ಜೆ ಹಿಂದೆ ಸರಿದಳು.

“ನನ್ ಮಗ್ಳ ಧಾರೆಗೆ ಕರೀದು ಉಡುಸ್ಬೇಕೇನಪ್ಪಾ?”

ಮಾದಪ್ಪಣ್ಣ ನನ್ನನ್ನು ಕರೆಸಿದ. ಎದ್ದು ನಿಂತು ಪರದೆ ನೋಡಿದ: ಅಚ್ಚ ಅರಗಿನ ಕೆಂಪು.

“ಅದ್ದೋವಾಗ ಇಂಗ್ ಕಾಣ್ನಿಲ್ವಲ್ಲಲಾ...”

ಅದೇ ಲಾಟಿನ ಮಾಲು ಹನೂರಿಗೂ ಯಳಂದೂರಿಗೂ ಹೋಗಿತ್ತು. ಸುದ್ದಿ ಹಬ್ಬಿದರೆ ಎಲ್ಲವೂ ವಾಪಸ್. ನಾನೆಂದೆ — “ವಯಸ್ಸಾಯ್ತು ಕಣಣ್ಣೋ. ಕಣ್ಣು ತೋರ್ಸ್ಕೊ, ಓಗು.”

“ನನ್ ಕಣ್ಣಾ? ನಿನ್ ಅಂಗ್ಡಿ ಬೋರ್ಡಿನ ನೀಲೀಲಿ ಅಡ್ಗಿರೋ ಕಳ್ಳ ಹಸುರ್ನೇ ಇಡೀತೀನಿ ಕಣ್ಲಾ!” ಎಂದು ನಕ್ಕ. ಮತ್ತೆ ಕೈಯಲ್ಲಿದ್ದ ನೂಲು ನೋಡಿದ. ನಗು ಅಲ್ಲಿಗೇ ನಿಂತಿತು.

ಡಾಕ್ಟರು ಕಣ್ಣು ಸರಿಯಿದೆ ಎಂದರಂತೆ. “ಅವ್ರಿಗೇನ್ ಗೊತ್ತು ಬಣ್ಣ” ಎಂದವನು ಬಾನಿಗಳನ್ನು ಬೋರಲು ಹಾಕಿಬಿಟ್ಟ. ಡಾಕ್ಟರನ್ನು ಬಿಟ್ಟು — ನನ್ನನ್ನು ನಂಬಿದ.

ಮೊನ್ನೆ ಹನೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮುಂದೆಯೇ ಬಸ್ಸು ನಿಂತಿತ್ತು. ನನ್ನ ತೋಳು ಹಿಡಿದು, ಬಸ್ಸು ತೋರಿಸಿ ಮೆಲ್ಲಗೆ ಕೇಳಿದ:

“ಕೆಂಪೇ ತಾನೇಲಾ ಅದು?”

“ಊಂ ಕಣಣ್ಣ, ಕೆಂಪೇ.”

ಅವನನ್ನು ಕೈಹಿಡಿದು ಬಸ್ಸು ಹತ್ತಿಸಿದೆ — ಕುರುಡನನ್ನು ಹತ್ತಿಸುವಂತೆ.