ದೋಣಿ ಮಾವನ ಸದ್ದಿಲ್ಲದ ಸವಾರಿ

ಮೊನ್ನೆ ಕೆರೆ ದಂಡೆಯಲ್ಲಿ ಹಳೆಯ ದೋಣಿಯೊಂದರ ಡೀಸೆಲ್ ಎಂಜಿನ್ ಎತ್ತಿ ಕೆಳಗಿಟ್ಟಾಗ ಆ ವಾಸನೆ ಮೂಗಿಗೆ ಬಡಿಯಿತು. ಡೀಸೆಲ್ಲು, ಗ್ರೀಸು, ನೆನೆದ ಮರ... ವಿದ್ಯಾರಣ್ಯಪುರಂನ ನಮ್ಮ ವಠಾರಕ್ಕೆ ಪಕ್ಕದ ಮನೆಯ ದೋಣಿ ಮಾವ ಸಂಜೆ ಹೊತ್ತು ತರುತ್ತಿದ್ದ ವಾಸನೆ ಅದು.

ಅವರು ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದರು. ಎಂಜಿನ್ ಸದ್ದಿಗೆ ಕಿವಿ ಮಂದವಾಗಿತ್ತು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ತೆಗೆದವಳು ನಾನು, ಅಪ್ಪ ಗಾರೆ ಕೆಲಸ ಮಾಡಿ ಓದಿಸಿದರು, ಹೇಳಿಕೊಳ್ಳಲು ಸಂಕೋಚವಿಲ್ಲ. ರಿಸಲ್ಟ್ ಬಂದ ದಿನ, "ಗಾರೆಯೋನ ಮಗಳು ಎಂಜಿನಿಯರ್ ಆಗ್ಬುಟ್ಲು ಕಣ್ರೋ!" ಎಂದು ಬೀದಿಗೆಲ್ಲ ಸಾರಿದವರು ಮಾವನೇ.

ದೋಣಿಗಳಿಗೆ ಬ್ಯಾಟರಿ, ಮೋಟಾರು ಕೂರಿಸುವ ಕೆಲಸಕ್ಕೆ ಸೇರಿದೆ. ಮೊದಲು ಕೈಗೆ ಬಂದದ್ದು ಅವರ ದೋಣಿಯೇ. ಅದನ್ನು ಮಾವ ನಡೆಸಿ ತೋರಿಸಿದರೆ ಅವರ ಕೆಲಸ ಉಳಿಯುತ್ತಿತ್ತು. ಇಲ್ಲವಾದರೆ ದಂಡೆಯಲ್ಲಿ ಕೂತು ಟಿಕೆಟ್ ಹರಿಯಬೇಕಿತ್ತು.

ಪರೀಕ್ಷೆಯ ಬೆಳಿಗ್ಗೆ ಕೆರೆಯ ದೋಣಿಗಳ ಮೇಲ್ವಿಚಾರಕರೂ ನಮ್ಮೊಡನೆ ದೋಣಿ ಹತ್ತಿದರು. ಮಾವ ಬರಿಗಾಲಲ್ಲಿ ನಿಂತು ವೇಗದ ಹಿಡಿ ತಿರುಗಿಸಿದರು. ಇಷ್ಟು ವರ್ಷ ಎಂಜಿನ್ ಓಡುತ್ತಿದೆಯೆಂದು ಅವರಿಗೆ ತಿಳಿಯುತ್ತಿದ್ದದ್ದು ಅಂಗಾಲಿನ ನಡುಕದಿಂದ. ಈಗ ನಡುಕವೇ ಇಲ್ಲ!

"ಸ್ಟಾರ್ಟೇ ಆಗ್ಲಿಲ್ವಲ್ಲ ಕಣಮ್ಮಿ!" ಎಂದು ಕೂಗಿ ಪೂರ್ತಿ ತಿರುಗಿಸಿಬಿಟ್ಟರು. ದೋಣಿ ಚಂಗನೆ ನೆಗೆದು ಜೊಂಡಿನೊಳಗೆ ನುಗ್ಗಿತು. ಮೇಲ್ವಿಚಾರಕರು ಲೈಫ್ ಜಾಕೆಟ್ ತಬ್ಬಿಕೊಂಡು, "ಇವರ ಕೈಲಿ ಆಗಲ್ಲ ಬಿಡಮ್ಮ," ಎಂದರು.

"ಇನ್ನೊಂದ್ಸಲ ನೋಡಿ ಸಾರ್," ಎಂದು ಬೇಡಿಕೊಂಡೆ. ಜೊಂಡು ಬಿಡಿಸಿ, ಮಾವನ ಕಿವಿಯ ಹತ್ತಿರ ಕೂಗಿದೆ: "ಕಾಲಲ್ಲಿ ಹುಡುಕ್ಬೇಡಿ ಮಾವ, ಹಿಂದೆ ನೀರು ನೋಡಿ!"

"ಓದ್ದೋಳು ಹೇಳ್ತಾವ್ಳೆ, ಕೇಳ್ಬುಡಾನ," ಎಂದು ನಕ್ಕರು. ಹಿಂದೆ ನೀರು ಸುರುಳಿ ಬಿಚ್ಚುವುದನ್ನು ನೋಡುತ್ತ ಹಿಡಿಯನ್ನು ಇಷ್ಟಿಷ್ಟೇ ತಿರುಗಿಸಿದರು. ದೋಣಿ ಕೆರೆ ಸುತ್ತಿ ಬಂದು ಕಟ್ಟೆಗೆ ಮೆತ್ತಗೆ ಒರಗಿತು.

"ಸರಿ, ನಾಳೆಯಿಂದ ಓಡಿಸ್ಲಿ," ಎಂದು ಮೇಲ್ವಿಚಾರಕರು ನನಗೆ ಹೇಳಿದರು. ನಾನದನ್ನು ಮಾವನಿಗೆ ಕೂಗಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಬತ್ತೀನಿ ಸಾರ್," ಎಂದರು. ಎಂಜಿನ್ ಸದ್ದಿಲ್ಲದ ದೋಣಿಯಲ್ಲಿ ಅವರಿಗೆ ಕೇಳಿಸಿತ್ತು...

ಕೈಕಾಲು ಗಟ್ಟಿಯಿರುವವರೆಗೂ ಓಡಿಸಿದರು. ಹೋದ ವರ್ಷ ತೀರಿಕೊಂಡರು. ಪಕ್ಕದ ಮನೆಯಲ್ಲೀಗ ಬೇರೆಯವರಿದ್ದಾರೆ.

ಇವತ್ತು ಬೆಳಿಗ್ಗೆ ಮೊನ್ನೆಯ ಆ ದೋಣಿಯೂ ಬ್ಯಾಟರಿ ಕೂರಿಸಿಕೊಂಡು ನೀರಿಗಿಳಿಯಿತು. ನಡೆಸಲು ಬಂದ ಹುಡುಗಿ ಕೇಳಿದಳು: "ಇಂಥದ್ನ ಇಲ್ಲಿ ಮೊದಲು ಓಡ್ಸಿದ್ದು ಯಾರು ಮೇಡಂ? ಹೆದರ್ಕೆ ಆಗ್ಲಿಲ್ವಂತಾ?"

"ನಮ್ಮ ಪಕ್ಕದ ಮನೆಯವರು," ಎಂದೆ. ಜೊಂಡಿಗೆ ನುಗ್ಗಿದ ಕತೆ ಹೇಳಲು ದೋಣಿಯ ಹತ್ತಿರ ಸರಿದೆ. ಅಷ್ಟರಲ್ಲಿ ಅವಳು ಹಗ್ಗ ಬಿಚ್ಚಿಯಾಗಿತ್ತು.