ಅಪ್ಪ ಇಟ್ಟ ಕರಾಟೆ ಪರೀಕ್ಷೆ

ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಾಗ ಮನೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ. ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ಗೋಡೆ ನೋಡಿದರು. ನಾವಿದ್ದ ಪೀಳಮೇಡಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರಬೇಕು, ಸಂಜೆಯ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಏನಾದರೂ ಆದರೆ ಯಾರನ್ನು ಕೇಳುವುದು ಎಂಬುದು ಅವರ ವಾದ. ನಾನು ಓದಿದ ಕಾಲೇಜು ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿತ್ತು. ಹಾಗಾಗಿ ಈ ವಾದಕ್ಕೆ ಅಲ್ಲಿಯವರೆಗೆ ಸಂದರ್ಭವೇ ಬಂದಿರಲಿಲ್ಲ.

ನನ್ನ ಬಳಿ ಉತ್ತರವಿತ್ತು. ಎಂಟನೇ ತರಗತಿಯಿಂದ ಕರಾಟೆ ಕಲಿತಿದ್ದೆ, ಬ್ರೌನ್ ಬೆಲ್ಟ್ ತನಕ ಬಂದಿದ್ದೆ.

"ನಾನ್ ಕರಾಟೆ ಕಲ್ತಿದ್ದೀನಪ್ಪಾ," ಎಂದೆ.

"ಅದು ಮಂಟಪದೊಳ್ಗೆ," ಎಂದರು ಅಪ್ಪ.

ಮದುವೆ ಇಲ್ಲದ ದಿನಗಳಲ್ಲಿ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ನಮ್ಮ ಕ್ಲಾಸು ನಡೆಯುತ್ತಿತ್ತು. ಅಲ್ಲಿ ಸಾಂಬಾರಿನ ವಾಸನೆಯ ನಡುವೆ ನಾನು ಸುರಿಸಿದ ಬೆವರನ್ನು ಅಪ್ಪ ಒಂದೇ ಮಾತಿನಲ್ಲಿ ಒರೆಸಿ ಹಾಕಿದರು. ಮೂರು ದಿನ ಅವರ ತಲೆ ತಿಂದೆ. ನಾಲ್ಕನೆಯ ದಿನ ಅಪ್ಪ ಅಂಗಡಿಗೆ ಹೊರಡುವವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಸರಿ. ನಾನ್ ಇಡ್ಕೋತೀನಿ, ಬಿಡ್ಸ್ಕೊ ನೋಡಾಣ. ಬಿಡ್ಸ್ಕೊಂಡ್ರೆ ವೇಲೆಗ್ ಓಗು."

ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ ಕೆಲಸಕ್ಕೆ ವೇಲೆ ಎಂದೇ ಹೆಸರು. ಅಜ್ಜನ ಕಾಲದಿಂದ ನಾವು ನೇಕಾರರು. ಅಪ್ಪ ಸೀರೆ ಅಂಗಡಿ ಇಡುವ ಮುಂಚೆ ವರ್ಷಗಟ್ಟಲೆ ಮಗ್ಗದಲ್ಲಿ ಕುಳಿತವರು. ಒಂದು ದಿನವೂ ನನ್ನ ಮೇಲೆ ಕೈ ಮಾಡದ ಮನುಷ್ಯ ತರಕಾರಿ ಚೀಲ ಹಿಡಿಯುವ ಹಾಗೆ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಮಾತ್ರ ಕಬ್ಬಿಣ.

ಕಲಿತಿದ್ದಂತೆ ಅವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿದೆ. ಕ್ಲಾಸಿನಲ್ಲಿ ಹೀಗೆ ತಿರುಗಿಸಿದರೆ ಜೊತೆಗಾತಿಯ ಕೈ ತಟ್ಟನೆ ಬಿಟ್ಟುಕೊಳ್ಳುತ್ತಿತ್ತು, ಏಕೆಂದರೆ ಯಾವಾಗ ಬಿಡಬೇಕೆಂಬುದು ಅವಳಿಗೂ ಗೊತ್ತಿತ್ತು. ಅಪ್ಪನಿಗೆ ಆ ಪಾಠ ಆಗಿರಲಿಲ್ಲ, ಅವರು ಬಿಡಲಿಲ್ಲ. ಮತ್ತೆ ತಿರುಗಿಸಿದೆ, ಎಳೆದೆ, ಚರ್ಮ ಉರಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಸಾಕು ಬುಡಿ, ಕೈ ಮುರ್ದೋಯ್ತದೆ," ಎಂದಳು. ಆ ಮಾತು ಕೇಳಿ ರೇಗಿಹೋಯಿತು. ಹಿಮ್ಮಡಿ ಎತ್ತಿ ಅಪ್ಪನ ಪಾದದ ಮೇಲೆ ಬಲವಾಗಿ ತುಳಿದೆ.

ಅಪ್ಪ ಕೂಗಿ ಕೈ ಬಿಟ್ಟರು. ನಾನು ಆ ಕ್ಷಣವೇ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮನುಷ್ಯರಿಗಾಗಲಿ, ಪುಸ್ತಕಕ್ಕಾಗಲಿ, ಮಗ್ಗದ ಹಲಗೆಗಾಗಲಿ ಕಾಲು ತಾಗಿದರೆ ಹೀಗೆ ಮಾಡಬೇಕೆಂದು ನಡೆಯಲು ಕಲಿತಾಗಿನಿಂದ ಅಭ್ಯಾಸ. ಅಪ್ಪ ಪಾದ ಉಜ್ಜಿಕೊಳ್ಳುತ್ತಲೇ ನಕ್ಕುಬಿಟ್ಟರು.

"ನೋಡ್ದ್ಯಾ? ತುಳ್ದುಬುಟ್ಟು ಕಾಲ್ಗೂ ಬೀಳ್ತಾಳೆ!"

ಇದನ್ನು ಅವರು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಒಪ್ಪಿಗೆ ಸಿಕ್ಕಿತು, ಆದರೆ ಬಾಲಂಗೋಚಿಯೊಂದಿಗೆ: "ಒಂದ್ ದಿನ ಏನಾದ್ರೂ ಆಯ್ತು ಅಂದ್ರೆ ಅವತ್ತೇ ನಿಲ್ಸ್ಬೇಕು."

ಕೆಲಸ ನನಗೆ ಬಹಳ ಹಿಡಿಸಿತು. ಹೊರದೇಶದ ಗಿರಾಕಿ ಕಳಿಸಿದ ಬಣ್ಣಕ್ಕೂ ಬಣ್ಣ ಹಾಕುವ ನಮ್ಮ ಡೈಯಿಂಗ್ ಘಟಕದಿಂದ ಬಂದ ಬಟ್ಟೆಗೂ ಹೊಂದುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು, ಹೊಂದದಿದ್ದರೆ ಫೋನಿನಲ್ಲಿ ಜಗಳವಾಡುವುದು. ನೀಲಿಯಲ್ಲಿ ಎಷ್ಟು ನೀಲಿಗಳಿವೆ ಎಂದು ನನಗೆ ಗೊತ್ತಾದದ್ದೇ ಅಲ್ಲಿ. ಇದನ್ನು ಬಿಡುವ ಯೋಚನೆಯೇ ನನಗೆ ಬೇಡವಾಗಿತ್ತು.

ಸೇರಿದ ಕೆಲವು ತಿಂಗಳಿಗೆ ಅದು ಆಯಿತು. ಸಂಜೆಯ ಬಸ್ಸು, ದಾರಿಯ ನಡುವಿನ ಅವಿನಾಶಿಯಲ್ಲಿ ಮತ್ತಷ್ಟು ಜನ ಹತ್ತಿದರು. ನನ್ನ ಒಂದು ಕೈ ಕಂಬಿಯಲ್ಲಿ, ಇನ್ನೊಂದು ಕೈಯಲ್ಲಿ ಊಟದ ಚೀಲ. ಹಿಂದಿನಿಂದ ಸೊಂಟಕ್ಕೆ ಏನೋ ತಾಗಿತು. ಯಾರದೋ ಬ್ಯಾಗು ಅಂದುಕೊಂಡೆ. ಬ್ಯಾಗಿಗೆ ಬೆರಳುಗಳಿರುವುದಿಲ್ಲ.

ನಾನು ಕಲಿತ ಕಾದಾಟದಲ್ಲಿ ಎದುರಾಳಿ ಎದುರಿಗೇ ಇರುತ್ತಿದ್ದ. ಇಬ್ಬರೂ ಬಗ್ಗಿ ವಂದಿಸುತ್ತಿದ್ದೆವು, ಮಾಸ್ಟರ್ ಹೇಳಿದ ಮೇಲೆ ಶುರು. ಇಲ್ಲಿ ಆಗಲೇ ಶುರುವಾಗಿತ್ತು, ನನಗೆ ಯಾರೂ ಹೇಳಿರಲಿಲ್ಲ. ಕಾಲೆತ್ತಲು ಜಾಗವಿಲ್ಲ, ತಿರುಗಲೂ ಜಾಗವಿಲ್ಲ. ಸ್ವಲ್ಪ ಹೊತ್ತು ನಾನು ಏನೂ ಮಾಡಲಿಲ್ಲ, ಕಲ್ಲಿನ ಹಾಗೆ ನಿಂತೆ. ಸುಮ್ಮನೆ ಯಾಕೆ ನಿಂತೆ ಎಂದು ಕೇಳುವವರು ಒಮ್ಮೆ ಆ ಬಸ್ಸಿನಲ್ಲಿ ನಿಂತು ನೋಡಲಿ.

ಆಮೇಲೆ ಹಿಮ್ಮಡಿ ತಾನೇ ಕೆಳಗಿಳಿಯಿತು. ಒಳ್ಳೆಯ ತುಳಿತವೇ, ಮಾಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಹಿಂದಿನವನು ಉಸಿರೆಳೆದುಕೊಂಡ. ಆಗಲೇ ತಿರುಗಿ ಕೂಗಬೇಕಿತ್ತು. ಆದರೆ ನನ್ನ ಕೈ ನನ್ನನ್ನು ಕೇಳದೆ ಕಂಬಿ ಬಿಟ್ಟು ಹಿಂದಕ್ಕೆ ಹೋಗಿ, ಅವನ ತೋಳು ಮುಟ್ಟಿ, ಬಂದು ನನ್ನ ಕಣ್ಣಿಗೊತ್ತಿಕೊಂಡಿತು. ಆ ಮನುಷ್ಯನ ಹತ್ತಿರ ನಾನು ಕ್ಷಮೆ ಕೇಳಿದ್ದೆ!

"ಪರವಾಯಿಲ್ಲಮ್ಮಾ," ಎಂದ ಅವನು, ದೊಡ್ಡ ಮನಸ್ಸು ಮಾಡಿದವನ ಹಾಗೆ. ಕೈ ಮತ್ತೆ ಅಲ್ಲಿಗೇ ಬಂತು.

ಆ ಪರವಾಯಿಲ್ಲಕ್ಕೆ ನನ್ನ ಮೈಯೆಲ್ಲ ಹೊತ್ತಿಕೊಂಡಿತು. ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಹೊಡೆಯುವಾಗ ಹೊಟ್ಟೆಯಿಂದ ಕೂಗಬೇಕು ಎಂದು ಮಾಸ್ಟರ್ ಹೇಳಿಕೊಟ್ಟಿದ್ದರಲ್ಲ, ಅದೊಂದು ಕೈಕೊಡಲಿಲ್ಲ. ಆಮೇಲೆ ಬಾಯಿಗೆ ಬಂದದ್ದೆಲ್ಲ ತಮಿಳು. ಕಂಡಕ್ಟರ್ ವಿಸಿಲ್ ಊದಿದ, ಹೆಂಗಸರು ದಾರಿ ಮಾಡಿದರು, ಅವನನ್ನು ನಡುದಾರಿಯಲ್ಲೇ ಇಳಿಸಿದರು. ಯಾರೋ ಎದ್ದು ಸೀಟು ಕೊಟ್ಟರು.

ಸ್ಟಾಪಿನಿಂದ ಮನೆಗೆ ನಡೆಯುತ್ತಾ ಸುಳ್ಳು ಹೇಳುವುದೆಂದು ತೀರ್ಮಾನಿಸಿದೆ. ನಿಜ ಹೇಳಿದರೆ ನಾಳೆಯಿಂದ ಕೆಲಸವಿಲ್ಲ. ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ದಿನದಂತೆ, "ಬಸ್ ಎಂಗಿತ್ತು?" ಎಂದರು. ಚೆನ್ನಾಗಿತ್ತು ಎನ್ನಲು ಬಾಯಿ ತೆರೆದವಳು ಎಲ್ಲವನ್ನೂ ಹೇಳಿಬಿಟ್ಟೆ. ತುಳಿದದ್ದು, ಆಮೇಲೆ ಕಣ್ಣಿಗೊತ್ತಿಕೊಂಡದ್ದು, ಅವನು ಪರವಾಯಿಲ್ಲ ಅಂದದ್ದು.

ಅಪ್ಪ ಈ ಸಲ ನಗಲಿಲ್ಲ. ಇನ್ನು ಕೆಲಸ ನಿಲ್ಲಿಸು ಎಂಬ ಆ ಮಾತು ಬರುತ್ತದೆ ಎಂದು ನಾನು ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ.

"ಕಣ್ಗ್ ಒತ್ಕೊಳ್ಳಾದ ನಾವೇ ಕಲ್ಸಿದ್ದು," ಎಂದರು ಅಪ್ಪ. ಆಮೇಲೆ ಕೇಳಿದರು, "ನಾಳೆ ಬಸ್ ಎಷ್ಟ್ ಗಂಟೆಗೆ?"

ಏಳೂವರೆಗೆ ಎನ್ನುವಷ್ಟರಲ್ಲಿ, ಬಸ್ಸಿನಲ್ಲಿ ಬಾರದಿದ್ದ ಅಳು ಬಂದುಬಿಟ್ಟಿತು.