ಇಪ್ಪತ್ತೊಂದು ತಾಟು ತೊಳೆಯುವ ಆಸೆ

ಬೆಳಗ್ಗೆ ಏಳಕ್ಕೇ ಮಾನಮ್ಮ ಅಂಗನವಾಡಿಯ ಬಾಗಿಲು ತೆರೆದು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸಲು ಕೂತಿದ್ದಾರೆ. ಅರ್ಧ ಮೊರ ಆಗಿಲ್ಲ, ಯಾರೋ ಬಾಗಿಲ ಬೆಳಕಿಗೆ ಅಡ್ಡ ನಿಲ್ಲುತ್ತಾರೆ.

“ಏ ಮಾನೀ, ಇವತ್ತ ತತ್ತಿ ದಿನ ಅಲ್ಲೇನು? ಹಸೀದ ಕೊಡು. ಕುದಿಸಬ್ಯಾಡ.”

ಮೇಲಿನ ಓಣಿಯ ಬೂದೆಮ್ಮ. ಅವರ ಸೊಂಟದ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಅಂಬಿಕಾ. ಮಾನಮ್ಮ ಎದ್ದು ಒಂದು ಮೊಟ್ಟೆ ತಂದು ಹೊಸ್ತಿಲ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಬೂದೆಮ್ಮ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾರೆ.

“ಸಿಪ್ಪಿ ಒಳಗ ನನ್ನ ಕೈ ಹೋಗೂದಿಲ್ಲ ಬಿಡ್ರಿ ಯವ್ವಾ. ಕುದಿಸಿ ಕೊಡ್ತೀನಿ, ಕೂಸು ಇಲ್ಲೇ ನನ್ನ ಕಣ್ಣ ಮುಂದ ತಿನ್ಲಿ.”

“ನಿನ್ನ ನೀರಿನ್ಯಾಗ ಕುದೀತದಲ್ಲ,” ಎನ್ನುತ್ತಾರೆ ಬೂದೆಮ್ಮ. “ಹಾಡು ಹೇಳಾಕ ಹತ್ತಕ್ಕ ಕಳಸ್ತೀನಿ.”

ಮಾನಮ್ಮ ದಲಿತರು. ಅಷ್ಟೇ ಕಾರಣ.

ಅರಕೇರಾದಿಂದ ಆರು ಕಿಲೋಮೀಟರ್ ಒಳಗಿರುವ ಈ ಊರಿನ ಅಂಗನವಾಡಿಯಲ್ಲಿ ಅವರು ಹತ್ತೊಂಬತ್ತು ವರ್ಷಗಳಿಂದ ಸಹಾಯಕಿ. ಕಸ ಹೊಡೆಯುವುದು, ಹದಿನಾಲ್ಕು ಕೊಡ ನೀರು ತರುವುದು, ಅಡುಗೆ ಮಾಡುವುದು, ಉಚ್ಚೆ ಹೊಯ್ದುಕೊಂಡ ಕೂಸಿನ ಚಡ್ಡಿ ಬದಲಿಸುವುದು ಎಲ್ಲ ಅವರದೇ. ದಿನಕ್ಕೆ ಇಪ್ಪತ್ತೊಂದು ಮಕ್ಕಳು ಬರುತ್ತಾರೆ. ಊಟಕ್ಕೆ ಕೂಡುವವರು ಒಂಬತ್ತು. ಮೇಲಿನ ಓಣಿಯ ಉಳಿದ ಹನ್ನೆರಡು ಮಕ್ಕಳು ಕುಕ್ಕರ್ ಮುಚ್ಚಳ ತೆಗೆದ ಸದ್ದಿಗೆ ಎದ್ದು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಆ ಮನೆಗಳಲ್ಲೇನೂ ಹಾಲು ಉಕ್ಕುತ್ತಿಲ್ಲ. ಬೂದೆಮ್ಮನ ಸೊಸೆಯೂ ಮಾನಮ್ಮನ ಸೊಸೆಯೂ ಒಂದೇ ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ. ಬುತ್ತಿ ಬಿಚ್ಚುವ ಬದು ಮಾತ್ರ ಬೇರೆ.

ಅಂಗನವಾಡಿ ಶಿಕ್ಷಕಿ ಜಾಹೆದಾ ದೇವದುರ್ಗದಿಂದ ಬಸ್ಸಿಗೆ ಬರುತ್ತಾರೆ. “ಒಮ್ಮೆ ನಾನs ಮೇಲಿನ ಓಣಿಗೆ ಹೋಗಿ, ಅಡಿಗಿ ನಾ ಮಾಡ್ಲೇನ್ರಿ ಅಂತ ಕೇಳ್ದೆ. ಅಯ್ಯ ಟೀಚರ್, ನಿಮ್ಮದೂ ಬ್ಯಾಡ ಅಂದ್ರು! ವಾಪಸ್ ಬಂದು ಮಾನಮ್ಮಗ ಹೇಳಿ ಇಬ್ರೂ ಬಿದ್ದು ಬಿದ್ದು ನಕ್ವಿ.” ಹಾಗೆಂದವರು ಮೇಜಿನ ಮೇಲಿನ ದಾಖಲೆ ಪುಸ್ತಕ ತೆರೆಯುತ್ತಾರೆ. “ವರದಿಯಾಗ ಮಕ್ಕಳು ಯಾಕ ಉಣಲಿಲ್ಲ ಅಂತ ಕೇಳ್ತಾರ. ಹಸಿವಿಲ್ಲ ಅಂತ ಬರೀತೀನ್ರಿ. ಸುಳ್ಳು. ಬ್ಯಾರೆ ಏನ್ ಬರೀಲಿ?”

ಹಸಿವು ಇಲ್ಲದೆ ಅಲ್ಲ ಎಂಬುದಕ್ಕೆ ಅಂಬಿಕಾಳ ತೋಳೇ ಸಾಕ್ಷಿ. ಮಗುವಿನ ರಟ್ಟೆಗೆ ಸುತ್ತಿ ಅಳೆಯುವ ಬಣ್ಣದ ಪಟ್ಟಿ ಹಸಿರು ತೋರಿಸಿದರೆ ಚೆನ್ನ, ಕೆಂಪು ತೋರಿಸಿದರೆ ಪ್ರಾಣಕ್ಕೇ ಅಪಾಯ. ಚಳಿಗಾಲದಲ್ಲಿ ಅಂಬಿಕಾಳದು ಕೆಂಪಿಗೆ ಬಂದಿತ್ತು. ತೂಕ ಒಂಬತ್ತು ಕಿಲೋ ಎಂಟುನೂರು ಗ್ರಾಂ. ಕೂದಲು ಮೆಕ್ಕೆಜೋಳದ ತೆನೆಯ ನವಿರಿನ ಬಣ್ಣಕ್ಕೆ ತಿರುಗಿತ್ತು. ಕೂತಲ್ಲೇ ತೂಕಡಿಸುತ್ತಿದ್ದ ಮಗುವನ್ನು ಕಂಡು, ಮಾನಮ್ಮ ಮೂರು ದಿನ ಬೂದೆಮ್ಮನ ಅಂಗಳದಲ್ಲಿ ನಿಂತು ಕಾಡಿ ಬೇಡಿ, ಅಜ್ಜಿ ಮೊಮ್ಮಗಳಿಬ್ಬರನ್ನೂ ರಾಯಚೂರಿನ ಆಸ್ಪತ್ರೆಗೆ ಹೊರಡಿಸಿದರು. ಅಪೌಷ್ಟಿಕ ಮಕ್ಕಳನ್ನು ಹದಿನಾಲ್ಕು ದಿನ ಇರಿಸಿಕೊಂಡು ಉಣಿಸುವ ಅಲ್ಲಿನ ವಾರ್ಡಿನಲ್ಲಿ ನರ್ಸ್ ಆಗಿರುವವರು ಮಾನಮ್ಮನ ಮಗಳು ಕಲ್ಯಾಣಿ.

ಕಲ್ಯಾಣಿ ಎರಡು ತಾಸಿಗೊಮ್ಮೆ ಹಾಲು ಕಲಸಿ ಕುಡಿಸಿದರು. ಮೆತ್ತಗೆ ಕಿವುಚಿದ ಅನ್ನವನ್ನು ಊದಿ ಆರಿಸಿ ಬೆರಳಿನಿಂದಲೇ ಬಾಯಿಗಿಟ್ಟರು. ಬೂದೆಮ್ಮ ಪಕ್ಕದಲ್ಲೇ ಕೂತು ನೋಡಿದರು. ಅಷ್ಟೇ ಅಲ್ಲ, “ನಮ್ಮ ಊರ ಮಗಳು” ಎಂದು ವಾರ್ಡಿಗೆಲ್ಲ ಹೇಳಿಕೊಂಡು ತಿರುಗಿದರು. ಹದಿನಾಲ್ಕನೆಯ ದಿನ ಅಂಬಿಕಾ ಹನ್ನೊಂದು ಕಿಲೋ ದಾಟಿದ್ದಳು. ಊರಿಗೆ ಬಂದು ಎರಡು ತಿಂಗಳಿಗೆ ಮತ್ತೆ ಹತ್ತು ಕಿಲೋ ಇನ್ನೂರು ಗ್ರಾಂ. ಹಸಿಯಾಗಿ ಒಯ್ದ ಮೊಟ್ಟೆ, ಬೂದೆಮ್ಮನ ಮೂಟೆ ಹೊರುವ ಮಗನಿಗೆ ಬೇಕೆಂದು ಅವನ ರೊಟ್ಟಿಯ ಜೊತೆ ಹೋಗುತ್ತದೆ, ಮಗುವಿನ ಪಾಲಿಗೆ ಒಂದು ತುತ್ತು.

ಅಲ್ಲಿ ನಡೆದದ್ದು ಇಲ್ಲಿ ಯಾಕಿಲ್ಲ ಎಂದರೆ ಬೂದೆಮ್ಮ ಮುಖ ತಿರುಗಿಸುತ್ತಾರೆ. “ದವಾಖಾನಿ ಬ್ಯಾರೆ, ಊರು ಬ್ಯಾರೆ. ನಾಳಿ ಓಣ್ಯಾಗ ನಾ ಬದುಕಬೇಕಲ್ಲ?”

ಮಾನಮ್ಮ ಬೈಯುವುದಿಲ್ಲ. ಒಮ್ಮೆ ಮಾತ್ರ ದನಿ ಗಡುಸಾಗುತ್ತದೆ. “ನನ್ನ ಮುಟ್ಟಬ್ಯಾಡ್ರಿ, ಹೋಗ್ಲಿ. ಕೂಸಿನ ಹೊಟ್ಟಿ ಏನ್ ಮಾಡ್ಯದ? ಮತ್ತ ಕೆಂಪಾದ್ರ ಈ ಸಲ ಉಳೀತದೋ ಇಲ್ಲೋ.” ಗೋಡೆಯ ಗೂಡಿನಲ್ಲಿ ಒಂದರ ಮೇಲೊಂದು ಜೋಡಿಸಿದ ಸ್ಟೀಲ್ ತಾಟುಗಳತ್ತ ಕೈ ತೋರಿಸುತ್ತಾರೆ. ಮೇಲಿನ ಒಂಬತ್ತು ತಿಕ್ಕಿ ತಿಕ್ಕಿ ಮಾಸಿವೆ, ಕೆಳಗಿನವು ತಂದ ದಿನದ ಹೊಳಪಿನಲ್ಲೇ ಇವೆ. “ರಿಟೈರ್ ಆಗಾಕ ಇನ್ನ ನಾಕ್ ವರ್ಷ ಅದ. ಒಂದ ದಿನ, ಒಂದs ದಿನ ಇಪ್ಪತ್ತೊಂದು ತಾಟು ತೊಳ್ದು ಮನಿಗೆ ಹೋಗಬೇಕ್ರಿ. ಕೈ ನೋವಾಗ್ಲಿ.”

ಮಧ್ಯಾಹ್ನ. ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಹೋಗಿಯಾಗಿದೆ. ಅಂಬಿಕಾ ಎದ್ದಿಲ್ಲ. ಒಂಬತ್ತು ಮಕ್ಕಳ ಸಾಲಿನ ತುದಿಗೆ, ಒಂದು ಮೊಳ ಜಾಗ ಬಿಟ್ಟು, ತಾಟಿಲ್ಲದ ಬರಿ ನೆಲದ ಮುಂದೆ ಕೂತಿದ್ದಾಳೆ. ಮಾನಮ್ಮ ಸೌಟು ಹಿಡಿದು ನಿಂತಿದ್ದಾರೆ. ಬಡಿಸಿದರೆ ನಾಳೆಯಿಂದ ಮಗುವನ್ನು ಕಳಿಸುವುದೇ ಇಲ್ಲ ಎಂಬ ಹೆದರಿಕೆ ಅವರಿಗೆ. ಬಡಿಸದೆ ಇರಲು ಕೈ ಒಪ್ಪುತ್ತಿಲ್ಲ.

ಹೊಸ್ತಿಲಾಚೆಯಿಂದ ಬೂದೆಮ್ಮ ಕರೆಯುತ್ತಾರೆ. “ಏ ಅಂಬೀ, ಏಳು. ಮನಿಗೆ ನಡಿ.”

ಮಗು ಅಲುಗುವುದಿಲ್ಲ.

“ಕೇಳ್ತದೇನಿಲ್ಲ? ಏಳ್ ಬೇ!”

ಉಣ್ಣುತ್ತಿದ್ದ ಮಕ್ಕಳ ಕೈಗಳೂ ನಿಲ್ಲುತ್ತವೆ. ಅಂಬಿಕಾ ಅಜ್ಜಿಯನ್ನು ನೋಡುತ್ತಾಳೆ, ಮಾನಮ್ಮನನ್ನು ನೋಡುತ್ತಾಳೆ. ಇಡೀ ಊರು ನುಂಗಿಕೊಂಡು ಕೂತ ಪ್ರಶ್ನೆಯನ್ನು ಆ ಸಣ್ಣ ದನಿ ಕೇಳಿಯೇಬಿಡುತ್ತದೆ.

“ಯವ್ವಾ, ಕಲ್ಯಾಣಿ ಅಕ್ಕನ ಕೈಲೆ ಉಂಡೀನಲ್ಲ. ಅವರವ್ವನ ಕೈಲೆ ಯಾಕ ಉಣಬಾರ್ದು?”